ಸ್ಪಿತಿಗೆ ಎಷ್ಟು ಎತ್ತರದ ಗಾಡಿ ಬೇಕು?

ದೆಹಲಿಯಲ್ಲಿ ನೆಲೆಸಿದ ನಮ್ಮಂಥವರಿಗೆ ಒಂದು ಅನುಕೂಲವಿದೆ. ಊರಿನ ಪಶ್ಚಿಮಘಟ್ಟ ಎರಡು ಸಾವಿರ ಕಿಲೋಮೀಟರ್ ದೂರವಾದರೂ ಹಿಮಾಲಯ ಒಂದು ರಾತ್ರಿಯ ಪ್ರಯಾಣ. ಹಾಗಾಗಿ ಇಲ್ಲಿನ ಕನ್ನಡಿಗರು ಎಲ್ಲಿ ಸೇರಿದರೂ ಮಾತು ಒಂದಲ್ಲ ಒಂದು ಹೊತ್ತಿಗೆ ಬೆಟ್ಟದ ಕಡೆ ತಿರುಗುತ್ತದೆ. ಯಾರೋ ಲೇಹ್‌ಗೆ ಹೋಗಿ ಬಂದಿರುತ್ತಾರೆ, ಇನ್ಯಾರೋ ಸ್ಪಿತಿಗೆ ಹೊರಟಿರುತ್ತಾರೆ. ಆಮೇಲೆ ಬರುವ ಪ್ರಶ್ನೆ ಒಂದೇ: ಯಾವ ಗಾಡಿ?

ಹುಬ್ಬಳ್ಳಿಯ ನನ್ನ ಗೆಳೆಯನೊಬ್ಬ ಈ ಪ್ರಶ್ನೆಗೆ ಉತ್ತರವೆಂದು 2016ರ ಇಸುಜು ವಿ-ಕ್ರಾಸ್ ಪಿಕಪ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡ. ಚೆನ್ನೈ ಸಮೀಪ, ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಗಾಡಿ. ಎರಡೂವರೆ ಲೀಟರ್ ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ, ಹಿಂದೆ ಸಾಮಾನಿಗೆ ತೆರೆದ ತೊಟ್ಟಿ. ಆಗಸ್ಟ್ ಕೊನೆಗೆ ಕಿನ್ನೌರ್ ಮಾರ್ಗವಾಗಿ ಸ್ಪಿತಿ ಹತ್ತಿ, ಕುಂಜುಮ್ ದಾಟಿ, ಮನಾಲಿಗೆ ಇಳಿಯುವುದೆಂದು ತೀರ್ಮಾನವಾಯಿತು. ಮೂವರು ಹೊರಟಿದ್ದೆವು: ಅವನು, ನಾನು, ಮತ್ತು ಅವನ ತಂದೆ. ಕಾಕಾಗೆ ಎಪ್ಪತ್ತು ವರ್ಷ. ಹುಬ್ಬಳ್ಳಿಯ ಸಾರಿಗೆ ಡಿಪೋ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಬಸ್ಸಿನ ಕೆಳಗೆ ಮಲಗಿ ದುಡಿದವರು. ಡಾಕ್ಟರು ಹೃದಯ, ಬಿ.ಪಿ. ಎಲ್ಲ ನೋಡಿ, ನಿಧಾನಕ್ಕೆ ಏರಿದರೆ ಅಡ್ಡಿಯಿಲ್ಲ ಎಂದಿದ್ದರು. ಮೊಣಕಾಲು ಮಾತ್ರ ಸವೆದಿತ್ತು.

ಕರೋಲ್ ಬಾಗ್‌ನಲ್ಲಿ ಒಂದು ಮಧ್ಯಾಹ್ನ

ಗಾಡಿಗೆ ಅಲಂಕಾರವೆಂದರೆ ದೆಹಲಿಯವರಿಗೆ ಕರೋಲ್ ಬಾಗ್. ಸೀಟಿನ ಕವರಿನಿಂದ ಹಿಡಿದು ಛಾವಣಿಯ ದೀಪದವರೆಗೆ ಸಿಗದ್ದೇ ಇಲ್ಲ. ನಾವು ನಿಲ್ಲಿಸಿದ ಕೂಡಲೇ ಅಂಗಡಿಯ ಹುಡುಗ ಗಾಡಿಯ ಸುತ್ತ ಒಂದು ಸುತ್ತು ಬಂದು ತೀರ್ಪು ಕೊಟ್ಟ: ಮೂತಿ ಬಗ್ಗಿದೆ, ಟೈರು ಸಣ್ಣದು. ಮುಂದೆ ಎರಡಿಂಚು ಎತ್ತರಿಸಿ, 265/75ರ ಮಡ್ ಟೈರು ಹಾಕಿದರೆ ಗಾಡಿ ಸಿಂಹದ ಹಾಗೆ ನಿಲ್ಲುತ್ತದಂತೆ.

ಗೆಳೆಯನ ಕಣ್ಣು ಹೊಳೆಯಿತು. ಹಿಂದಿನ ಸೀಟಿನಿಂದ ಕಾಕಾ ಕೇಳಿದರು: "ತಮ್ಮಾ, ಸಿಂಹ ನಿಂತ್ರ ಸಾಕೇನ, ಓಡೂದೂ ಬೇಕೇನ?"

ಹುಡುಗ ಹೇಳಿದ್ದರಲ್ಲಿ ಒಂದು ಮಾತು ನಿಜ. ಗಾಡಿಯ ಮೂತಿ ಹಿಂಬದಿಗಿಂತ ಸಾಕಷ್ಟು ಕೆಳಗಿತ್ತು. ಪಿಕಪ್‌ಗಳೆಲ್ಲ ತುಸು ಹಾಗೇ ಇರುತ್ತವೆ. ಹಿಂದಿನ ಲೀಫ್ ಸ್ಪ್ರಿಂಗುಗಳನ್ನು ಭಾರ ಹೊರಲೆಂದೇ ಮಾಡಿರುವುದರಿಂದ ತೊಟ್ಟಿ ಖಾಲಿ ಇದ್ದಾಗ ಬೆನ್ನು ಎದ್ದು ನಿಲ್ಲುತ್ತದೆ, ಸಾಮಾನು ತುಂಬಿದಾಗ ಸಮವಾಗುತ್ತದೆ. ಖಾಲಿ ಗಾಡಿಯ ಮೂತಿಯನ್ನು ಎತ್ತಿ ಸಮ ಮಾಡಿಟ್ಟರೆ, ಭಾರ ತುಂಬಿದ ದಿನ ಅದು ಆಕಾಶ ನೋಡುತ್ತದೆ. ಹೆಡ್‌ಲೈಟು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ನಮ್ಮ ತೊಟ್ಟಿಯಲ್ಲಿ ಡೀಸೆಲ್ ಕ್ಯಾನು, ಟೆಂಟು, ಹತ್ತು ದಿನದ ಸಾಮಾನು ಇರಲಿತ್ತು.

ಅಂದು ಏನನ್ನೂ ಕೊಳ್ಳದೆ ಮನೆಗೆ ಬಂದೆವು. ಲೆಕ್ಕ ಶುರುವಾದದ್ದು ಆಮೇಲೆ.

ಟೈರಿನ ಮೇಲಿನ ಅಂಕಿಗಳು

ಗಾಡಿಗೆ ಕಂಪನಿ ಕೊಟ್ಟ ಅಳತೆ 245/70 ಆರ್ 16. ಇದನ್ನು ಓದುವುದು ಸುಲಭ. ಟೈರಿನ ಅಗಲ 245 ಮಿ.ಮೀ.; ಅದರ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 70 ಭಾಗ; ರಿಮ್ಮಿನ ವ್ಯಾಸ 16 ಇಂಚು. ಕೂಡಿಸಿದರೆ ಟೈರಿನ ಪೂರ್ತಿ ವ್ಯಾಸ ಸುಮಾರು 749 ಮಿ.ಮೀ. ಅದೇ ರಿಮ್ಮಿಗೆ 265/70 ಹಾಕಿದರೆ 777. ಅಂಗಡಿಯವನು ಹೇಳಿದ 265/75 ಆದರೆ 804.

ವ್ಯಾಸ ಹೆಚ್ಚಿದ್ದರಲ್ಲಿ ಅರ್ಧ ಮಾತ್ರ ನೆಲದಿಂದ ಗಾಡಿಯನ್ನು ಎತ್ತುತ್ತದೆ. ಅಂದರೆ 265/70ರಿಂದ ಸಿಗುವುದು 14 ಮಿ.ಮೀ., 265/75ರಿಂದ 27. ಹದಿನಾಲ್ಕು ಮಿಲಿಮೀಟರ್ ಎಂದರೆ ಒಂದು ಬೆರಳಿನ ದಪ್ಪ. ಇಷ್ಟಕ್ಕೆ ಲಕ್ಷ ರೂಪಾಯಿ ದಾಟುವ ಖರ್ಚು ಯಾಕೆ ಎಂದು ನಾನು ಕೇಳಿದೆ. ಆಗ ಕಾಕಾ ನನ್ನನ್ನು ಗಾಡಿಯ ಹಿಂದೆ ಕೂರಿಸಿ ಕೆಳಗೆ ನೋಡಲು ಹೇಳಿದರು. ಎರಡು ಚಕ್ರದ ನಡುವೆ ಅಡ್ಡಲಾಗಿ ಆಕ್ಸಲ್, ಅದರ ನಡುವೆ ಕುಂಬಳಕಾಯಿಯಂತೆ ಡಿಫರೆನ್ಷಿಯಲ್.

"ಇದು ಗಾಡಿಯೊಳಗಿನ ಎಲ್ಲಾಕ್ಕಿಂತ ಕೆಳಗಿನ ಸಾಮಾನು. ನೀ ಸ್ಪ್ರಿಂಗ್ ಎತ್ತರ ಮಾಡಿದ್ರ ಬಾಡಿ ಏರ್ತದ, ಇದು ಏರೂದಿಲ್ಲ. ಇದು ಚಕ್ರದ ಜೋಡಿ ಕಟ್ಟಿಕೊಂಡದ. ಇದನ್ನ ಎತ್ತೂದು ಟೈರ್ ಒಂದ."

ಪಿಕಪ್ ಎತ್ತರಿಸಲು ಹೊರಟವರು ಮೊದಲು ತಿಳಿಯಬೇಕಾದ ಸಂಗತಿ ಇದೇ ಎಂದು ನನಗೆ ಅನ್ನಿಸಿತು. ಮುಂಭಾಗದ ಲಿಫ್ಟು ಬಂಪರನ್ನೂ ಚಾಸಿಯನ್ನೂ ಎತ್ತುತ್ತದೆ. ಕಡಿದಾದ ದಿಬ್ಬಕ್ಕೆ ಮೂತಿ ತಾಗದಂತೆ ನೋಡಿಕೊಳ್ಳುತ್ತದೆ. ದಾರಿಯ ನಡುವಿನ ಕಲ್ಲು ಹಿಂದಿನ ಆಕ್ಸಲ್ಲಿಗೆ ಬಡಿಯುವುದನ್ನು ಅದು ತಪ್ಪಿಸಲಾರದು.

ಹಾಗಾದರೆ 27 ಮಿ.ಮೀ. ಕೊಡುವ ಟೈರನ್ನೇ ಹಾಕಬಹುದಲ್ಲ? ಅದಕ್ಕೂ ಬೆಲೆ ತೆರಬೇಕು. ದೊಡ್ಡ ಚಕ್ರವೆಂದರೆ ಗೇರುಗಳೆಲ್ಲ ಉದ್ದವಾದ ಹಾಗೆ. 265/70ಕ್ಕೆ ಶೇಕಡಾ ಮೂರೂವರೆಗಿಂತ ತುಸು ಹೆಚ್ಚು, 265/75ಕ್ಕೆ ಏಳರ ಹತ್ತಿರ ಎಳೆತ ಕಡಿಮೆಯಾಗುತ್ತದೆ. ಗಾಳಿ ತೆಳುವಾದ ಕಡೆ, ಟರ್ಬೊ ಇನ್ನೂ ಎಚ್ಚರವಾಗದ ಮೊದಲ ಗೇರಿನಲ್ಲಿ ಇದು ಕಾಲಿಗೆ ಗೊತ್ತಾಗುತ್ತದೆ. ಬ್ರೇಕೂ ಅಷ್ಟೇ, ಹೆಚ್ಚು ತೂಕದ ಚಕ್ರವನ್ನು ಹಿಡಿಯಬೇಕು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ 265/75 ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುವುದು ಬಹುತೇಕ ಖಚಿತ. ಅದನ್ನು ತಪ್ಪಿಸಲೆಂದೇ ಲಿಫ್ಟು ಬೇಕಾಗುತ್ತದೆ. ಒಂದು ಖರ್ಚು ಇನ್ನೊಂದನ್ನು ಕರೆದುಕೊಂಡು ಬರುವುದು ಹೀಗೆ.

ಟೈರಿನ ಹಲ್ಲಿನದೂ ಒಂದು ಕಥೆ. ಮಡ್ ಟೆರೇನ್ ಟೈರಿನ ದೊಡ್ಡ ಗಟ್ಟಿಗಳ ನಡುವೆ ಅಗಲ ಸಂದು ಇರುತ್ತದೆ, ತಿರುಗಿದಂತೆ ಕೆಸರನ್ನು ಆಚೆ ಎಸೆಯುತ್ತದೆ. ಮಡಿಕೇರಿಯ ಮಾಂದಲಪಟ್ಟಿ ಏರುವ ಜೀಪುಗಳ ದಾರಿಯಂಥ ಕಡೆ, ಮಳೆಗಾಲದಲ್ಲಿ, ಅದಕ್ಕೆ ಅರ್ಥವಿದೆ. ಒದ್ದೆ ಡಾಂಬರಿನಲ್ಲಿ ಅದರ ಹಿಡಿತ ಕಡಿಮೆ, ಹೆದ್ದಾರಿಯಲ್ಲಿ ಸದ್ದು ಹೆಚ್ಚು. ಸ್ಪಿತಿ ಮಳೆನೆರಳಿನ ನಾಡು, ಅಲ್ಲಿ ಇರುವುದು ಕಲ್ಲು, ಜಲ್ಲಿ, ಧೂಳು. ವರ್ಷದ ಉಳಿದ ದಿನಗಳಲ್ಲಿ ಗಾಡಿ ಓಡುವುದು ದ್ವಾರಕಾದಿಂದ ಗುರುಗ್ರಾಮಕ್ಕೆ. ಹಾಗಾಗಿ ಆಲ್ ಟೆರೇನ್, ಅಂದರೆ ಎರಡಕ್ಕೂ ಹೊಂದುವ ಮಧ್ಯದ ಜಾತಿ ಸಾಕು ಎಂದಾಯಿತು. ಅದರಲ್ಲೂ ಆಯ್ಕೆ ವಿಪರೀತ ಇರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಇಂಥ ಅಳತೆಗಳು ಬೇಕೆಂದ ದಿನ ಸಿಗುವುದಿಲ್ಲ, ಹೇಳಿಟ್ಟು ಕಾಯಬೇಕು.

265/70 ಆಲ್ ಟೆರೇನ್, ಐದು. ಐದು ಯಾಕೆಂದರೆ ಸ್ಟೆಪ್ನಿಯೂ ಅದೇ ಅಳತೆಯದಾಗಿರಬೇಕು. ಫೋರ್ ವೀಲ್ ಹಾಕಿದಾಗ ಇಂಥ ಗಾಡಿಗಳಲ್ಲಿ ಮುಂದಿನ ಹಿಂದಿನ ಚಕ್ರಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಒಂದು ಚಕ್ರ ಚಿಕ್ಕದಾದರೆ ಆ ವ್ಯತ್ಯಾಸವನ್ನು ಹಲ್ಲುಚಕ್ರಗಳು ನುಂಗಬೇಕಾಗುತ್ತದೆ. ತೊಟ್ಟಿಯ ಕೆಳಗಿನ ಸ್ಟೆಪ್ನಿ ಜಾಗದಲ್ಲಿ ಹೊಸ ಟೈರು ಹಿಡಿಸುತ್ತದೆಯೇ ಎಂದು ಕಾಕಾ ಮೊದಲೇ ಟೇಪು ಹಿಡಿದು ಅಳೆದಿದ್ದರು. ಹೊಸ ಟೈರಿನ ಭಾರದ ಅಂಕಿ, ವೇಗದ ಅಕ್ಷರ ಎರಡೂ ಹಳೆಯದಕ್ಕಿಂತ ಕಡಿಮೆ ಇಲ್ಲವೆಂದು ನೋಡಿಕೊಂಡು, ವಿಮಾ ಕಂಪನಿಗೂ ಬರೆದು ಒಪ್ಪಿಗೆ ಪಡೆದೆವು.

ಮೂತಿ ಬಗ್ಗಿದ್ದು ಯಾಕೆ?

ಇನ್ನು ಲಿಫ್ಟಿನ ಮಾತು. ಇದರಲ್ಲಿ ಎರಡು ಬಗೆ. ಸ್ಪ್ರಿಂಗಿನ ತಲೆಯ ಮೇಲೆ ಒಂದು ಬಿಲ್ಲೆ, ಅಂದರೆ ಸ್ಪೇಸರ್ ಇಡುವುದು ಅಗ್ಗದ ದಾರಿ. ಉದ್ದದ, ಗಟ್ಟಿ ಸ್ಪ್ರಿಂಗನ್ನೂ ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರನ್ನೂ ಹಾಕುವುದು ದುಬಾರಿ ದಾರಿ. ಈ ಗಾಡಿಯ ಮುಂದಿನ ಸ್ಪ್ರಿಂಗು ಕೆಳತೋಳಿನ ನಡುವೆಲ್ಲೋ ಕೂತಿರುತ್ತದೆ, ಚಕ್ರ ತೋಳಿನ ತುದಿಯಲ್ಲಿರುತ್ತದೆ. ಆದ್ದರಿಂದ ಮೇಲೆ ಒಂದಿಂಚಿನ ಬಿಲ್ಲೆ ಇಟ್ಟರೆ ಚಕ್ರದ ಬಳಿ ಅದು ಒಂದಕ್ಕಿಂತ ಹೆಚ್ಚೇ ಆಗುತ್ತದೆ, ಕೆಲವು ಗಾಡಿಗಳಲ್ಲಿ ಎರಡರ ಹತ್ತಿರ ಹೋಗುತ್ತದೆ. ಗಾಡಿ ಎದ್ದಷ್ಟೂ ತೋಳುಗಳು ಕೆಳಕ್ಕೆ ಬಾಗುತ್ತವೆ. ಚಕ್ರ ತಿರುಗಿಸುವ ಸಿ.ವಿ. ಜಾಯಿಂಟಿನ ಕೋನ ಹೆಚ್ಚುತ್ತದೆ, ರಬ್ಬರ್ ಬೂಟು ಬೇಗ ಹರಿಯುತ್ತದೆ. ಮೇಲಿನ ಬಾಲ್ ಜಾಯಿಂಟಿಗೆ ಆಡಲು ಜಾಗ ಉಳಿಯುವುದಿಲ್ಲ. ಅಲೈನ್‌ಮೆಂಟಿನಲ್ಲಿ ಕ್ಯಾಸ್ಟರ್ ಕೋನ ಇಳಿದು, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕಡಿಮೆಯಾಗುತ್ತದೆ. ಚಕ್ರ ಕೆಳಕ್ಕೆ ಜೋತು ಬೀಳುವ ಅವಕಾಶವೂ ಕರಗುವುದರಿಂದ, ಗುಂಡಿಯಲ್ಲಿ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗುವ ಸಂಭವ ಹೆಚ್ಚು. ಎತ್ತರಿಸಿದ್ದು ಯಾವ ದಾರಿಗಾಗಿಯೋ ಆ ದಾರಿಯಲ್ಲೇ ಹಿಡಿತ ಕಳೆದುಕೊಂಡಂತೆ.

ಕಾನೂನು ಬೇರೆ ಇದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಬದಲಾವಣೆಗೆ ಆರು ತಿಂಗಳವರೆಗೆ ಸೆರೆ ಅಥವಾ ಒಂದೊಂದಕ್ಕೂ ಐದು ಸಾವಿರ ರೂಪಾಯಿ ದಂಡ ಬಂತು. ರಸ್ತೆಯಲ್ಲಿ ಯಾರೂ ಹಿಡಿಯದೇ ಹೋಗಬಹುದು. ಅಪಘಾತವಾದ ದಿನ ವಿಮೆಯವರು ಹಿಡಿಯುತ್ತಾರೆ.

ಇಷ್ಟೆಲ್ಲ ಹೇಳಿದರೂ ಗೆಳೆಯನ ಮನಸ್ಸಿನಲ್ಲಿ ಸಿಂಹ ಕೂತೇ ಇತ್ತು. "ಮೂತಿ ಬಗ್ಗಿದ್ದಂತೂ ಖರೆ ಅದಲ್ಲ ಅಪ್ಪಾ?" ಎಂದ. ಕಾಕಾ ಒಪ್ಪಿದರು. ಬಗ್ಗಿದೆ, ಆದರೆ ಹುಟ್ಟಿನಿಂದ ಬಂದದ್ದೋ ನಡುವೆ ಬಂದದ್ದೋ ನೋಡೋಣ ಎಂದರು. ಅದೇ ಮಾದರಿಯ, ಕಡಿಮೆ ಓಡಿದ ಇನ್ನೊಂದು ಗಾಡಿಯನ್ನು ಪರಿಚಯದವರಲ್ಲಿ ಹುಡುಕಿ, ಎರಡಕ್ಕೂ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದರು. ನಮ್ಮದು ಮುಂದೆ 25 ಮಿ.ಮೀ. ಕೆಳಗಿತ್ತು.

ಕಾರಣ ಎದುರಿಗೇ ಇತ್ತು. ಹಿಂದಿನ ಮಾಲೀಕ ಬಂಪರಿನ ಮುಂದೆ ದಪ್ಪ ಕಬ್ಬಿಣದ ಗಾರ್ಡೊಂದನ್ನು ಕೂರಿಸಿದ್ದ. ಇಂಥ ಬುಲ್ ಬಾರ್‌ಗಳು 52ನೇ ಸೆಕ್ಷನ್ನಿನ ಉಲ್ಲಂಘನೆ, ತೆಗೆಸಿ ಎಂದು ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಪಾದಚಾರಿಗೆ ಅದು ಕೊಡಲಿಯೇಟು. ಡಿಕ್ಕಿಯ ಪೆಟ್ಟನ್ನು ತಾನು ಹೀರದೆ ನೇರ ಚಾಸಿಗೆ ದಾಟಿಸುವುದರಿಂದ ಏರ್‌ಬ್ಯಾಗಿನ ಲೆಕ್ಕವೂ ತಪ್ಪಬಹುದು. ಗಾರ್ಡು ಬಿಚ್ಚಿ ಕೆಳಗಿಟ್ಟಾಗ ಇಬ್ಬರು ಹಿಡಿಯಬೇಕಾಯಿತು. ಮೂತಿ 10 ಮಿ.ಮೀ. ತಾನಾಗಿ ಎದ್ದಿತು. ಆ ಭಾರ ಹೊತ್ತು ವರ್ಷಗಟ್ಟಲೆ ಓಡಿದ ಮುಂದಿನ ಸ್ಪ್ರಿಂಗುಗಳು ಕುಸಿದಿದ್ದವು. ಕಾಶ್ಮೀರಿ ಗೇಟ್‌ನ ಬಿಡಿಭಾಗಗಳ ಪೇಟೆಯಲ್ಲಿ ಒಂದು ಮುಂಜಾನೆ ಅಲೆದು, ಕಂಪನಿಯದೇ ಹೊಸ ಜೋಡಿ ತಂದು ಹಾಕಿಸಿದೆವು. ಉಳಿದ 15 ಬಂತು. ಟೈರಿನ 14 ಸೇರಿಸಿ ಮುಂಭಾಗ ಒಟ್ಟು ಒಂದೂವರೆ ಇಂಚು ಎದ್ದಿತ್ತು. ಬಿಲ್ಲೆ ಇಲ್ಲ, ಯಾವ ಜಾಯಿಂಟಿಗೂ ಹೊಸ ಕೋನವಿಲ್ಲ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟನ್ನು ಗೋಡೆಗೆ ಹಿಡಿದು ಸರಿಪಡಿಸಿದೆವು.

ಕಾಕಾ ಹಿಂದಿನ ಬಾಗಿಲು ತೆರೆದು ಮೂರು ಸಲ ಹತ್ತಿ ಇಳಿದರು. "ಇಷ್ಟಕ್ಕ ನನ್ನ ಮೊಣಕಾಲು ಒಪ್ತದ. ಇನ್ನೂ ಎರಡಿಂಚು ಏರಿಸಿದ್ರ ನನಗೊಂದು ಸ್ಟೂಲ್ ಕಟ್ಟಿಕೊಂಡು ಹೋಗಬೇಕಾಗ್ತಿತ್ತು."

ಸತ್ಲಜ್ ಬದಿಯಲ್ಲಿ

ಮೊದಲ ರಾತ್ರಿ ನಾರ್ಕಂಡಾ, ಎರಡನೆಯದು ಕಲ್ಪಾ. ಕಲ್ಪಾದಲ್ಲಿ ಒಂದು ದಿನ ಹೆಚ್ಚು ಉಳಿದೆವು, ಎತ್ತರ ಮೈಗೆ ಒಗ್ಗಲೆಂದು. ಬೆಳಗ್ಗೆ ಎದುರಿಗೆ ಕಿನ್ನರ ಕೈಲಾಸ. ಕಾಕಾ ಚಹಾದ ಲೋಟ ಹಿಡಿದು ಒಂದು ಗಂಟೆ ಮಾತಿಲ್ಲದೆ ಕೂತಿದ್ದರು.

ರಾಂಪುರ ದಾಟಿದ ಮೇಲೆ ಹಳೆಯ ಹಿಂದೂಸ್ತಾನ್–ಟಿಬೆಟ್ ರಸ್ತೆ ಸತ್ಲಜ್‌ನ ಬದಿಯ ಬಂಡೆಯನ್ನೇ ಕೊರೆದುಕೊಂಡು ಹೋಗುತ್ತದೆ. ತರಾಂಡಾದ ಬಳಿ ಕಲ್ಲು ತಲೆಯ ಮೇಲೆ ಛಾವಣಿಯಂತೆ ಬಾಗಿ ನಿಂತಿದೆ, ಒಂದು ಬದಿ ಗೋಡೆ, ಇನ್ನೊಂದು ಬದಿ ಪ್ರಪಾತ. ಇಂಥ ಕಡೆ ಎದುರಿನಿಂದ ಬಸ್ಸು ಬಂದರೆ ಹಿಂದಕ್ಕೆ ಹೋಗಬೇಕು. ಆಗ ಬೇಕಾದದ್ದು ಎತ್ತರವಲ್ಲ, ಕನ್ನಡಿಯಲ್ಲಿ ಚಕ್ರ ಕಾಣುವುದು ಮತ್ತು ಸ್ಟಿಯರಿಂಗು ಪೂರ್ತಿ ತಿರುಗುವುದು. ಒಂದು ಕಡೆ ಹೀಗೆ ಕೊನೆಯವರೆಗೆ ತಿರುಗಿಸಿ ಹಿಂದೆ ಬಂದಾಗ ಟೈರು ಮಡ್ ಫ್ಲ್ಯಾಪಿಗೆ ಸರಕ್ಕೆಂದು ಉಜ್ಜಿತು. ಕಲ್ಪಾದಲ್ಲಿ ಕಾಕಾ ಅದನ್ನು ಚಾಕುವಿನಿಂದ ಒಂದು ಬೆರಳಷ್ಟು ಕತ್ತರಿಸಿದರು. 265/75 ಆಗಿದ್ದರೆ ಕತ್ತರಿಸಬೇಕಾದದ್ದು ಎಷ್ಟೋ.

ಸ್ಪಿತಿ ನದಿ ಸತ್ಲಜ್ ಸೇರುವ ಖಾಬ್‌ನಿಂದ ದಾರಿ ಎಡಕ್ಕೆ ತಿರುಗಿ ಏರತೊಡಗುತ್ತದೆ. ಹಸಿರು ಮುಗಿಯುತ್ತದೆ. ನಾಕೋ, ಆಮೇಲೆ ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ತಾಬೊ ವಿಹಾರ. ಹೊರಗೆ ಬರೀ ಮಣ್ಣಿನ ಗೋಡೆ, ಒಳಗೆ ಸಾವಿರ ವರ್ಷದ ಚಿತ್ರಗಳು. ಅದನ್ನು ನೋಡಿ ಹೊರಬಂದ ಮೇಲೆ ಟೈರಿನ ಮಾತು ಆಡಲು ಅರ್ಧ ದಿನ ನಾಲಿಗೆಯೇ ಏಳಲಿಲ್ಲ.

ಗಾಳಿಯ ಒತ್ತಡದ ಬಗ್ಗೆ ಒಂದು ಮಾತು. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿ ತೆಳುವಾಗುವುದರಿಂದ ಟೈರಿನ ಮೀಟರು ಹೆಚ್ಚು ತೋರಿಸುತ್ತದೆ, ಅಷ್ಟೇ ಹೊತ್ತಿಗೆ ಚಳಿ ಅದನ್ನು ಇಳಿಸುತ್ತದೆ. ದೆಹಲಿಯ ಸೆಕೆಯಲ್ಲಿ 32 ತುಂಬಿಸಿದ್ದು, ನಾಲ್ಕು ಸಾವಿರ ಮೀಟರಿನ ಮುಂಜಾನೆಯಲ್ಲಿ ಹೆಚ್ಚು ಕಡಿಮೆ ಅಲ್ಲೇ ಇತ್ತು. ಮಧ್ಯಾಹ್ನದ ಬಿಸಿಲಿಗೆ ಏರುತ್ತಿತ್ತು. ಹಾಗಾಗಿ ನೋಡುವುದಾದರೆ ಬೆಳಗ್ಗೆ, ಓಡಿಸುವ ಮೊದಲು.

ಕಾಜಾದಲ್ಲಿ ಬಟಾಣಿಯ ಕಾಲ. ಸ್ಪಿತಿಯ ಹಸಿ ಬಟಾಣಿಗೆ ಬಯಲಿನ ಪೇಟೆಗಳಲ್ಲಿ ಒಳ್ಳೆಯ ಬೆಲೆ, ಇಲ್ಲಿನ ರೈತರ ಕೈಗೆ ರೊಕ್ಕ ಬರುವುದು ಅದರಿಂದಲೇ. ಪೇಟೆಯ ತುಂಬ ಮೂಟೆ ಹೊತ್ತ ಪಿಕಪ್‌ಗಳು. ಕಾಕಾ ಒಂದೊಂದರ ಬಳಿಯೂ ನಿಂತು ಬಗ್ಗಿ ನೋಡಿದರು. ಒಂದಕ್ಕೂ ಲಿಫ್ಟಿಲ್ಲ, ದೊಡ್ಡ ಟೈರಿಲ್ಲ. ಕಂಪನಿ ಕೊಟ್ಟ ಕಿರಿದಾದ ಟೈರು, ಹಿಂದೆ ಒಂದೆರಡು ಹೆಚ್ಚುವರಿ ಸ್ಪ್ರಿಂಗ್ ಪಟ್ಟಿ. ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಒಬ್ಬ ಚಾಲಕನನ್ನು ಕೇಳಿದರು: ಇದರಲ್ಲೇ ಕುಂಜುಮ್ ದಾಟುತ್ತೀಯಾ? ಅವನು ನಕ್ಕು ಹೇಳಿದ್ದು ಇಷ್ಟು: ಬೆಳಗ್ಗೆ ಬೇಗ ಹೊರಡಿ, ನಾಲೆಗಳಲ್ಲಿ ಹೊತ್ತೇರಿದಷ್ಟೂ ನೀರು ಏರುತ್ತದೆ.

ಹದಿನಾಲ್ಕು ಮಿಲಿಮೀಟರ್

ಲೋಸರ್‌ನಿಂದ ಆರಕ್ಕೇ ಹೊರಟೆವು. ಕುಂಜುಮ್ ಕಣಿವೆ ನಾಲ್ಕೂವರೆ ಸಾವಿರ ಮೀಟರಿಗೂ ಮೇಲೆ. ಅಲ್ಲಿನ ದೇವಿಗೆ ಒಂದು ಸುತ್ತು ಹಾಕಿಯೇ ಎಲ್ಲ ಗಾಡಿಗಳೂ ಮುಂದೆ ಹೋಗುತ್ತವೆ, ನಾವೂ ಹಾಕಿದೆವು. ಬಾತಲ್‌ಗೆ ಇಳಿದ ಮೇಲೆ ಚಂದ್ರಾ ನದಿಯ ಪಕ್ಕದಲ್ಲಿ ಗ್ರಾಂಫುವರೆಗಿನ ಸುಮಾರು ಐವತ್ತು ಕಿಲೋಮೀಟರ್ ಹೆಸರಿಗೆ ಹೆದ್ದಾರಿ. ನೋಡಲು ನದಿಯ ಹಾಸು, ಕಾಯಿಯಿಂದ ಕುಂಬಳದವರೆಗಿನ ಎಲ್ಲ ಗಾತ್ರದ ಕಲ್ಲು. ನಾವು ಟೈರಿನ ಗಾಳಿಯನ್ನು 24ಕ್ಕೆ ಇಳಿಸಿ, ಲೋ ಗೇರಿನಲ್ಲಿ, ನಡೆಯುವ ವೇಗದಲ್ಲಿ ಸಾಗಿದೆವು. ಗಾಳಿ ಇಳಿಸಿದ ಟೈರು ಕಲ್ಲನ್ನು ಅಪ್ಪಿಕೊಂಡು ಹತ್ತುತ್ತದೆ, ಒಳಗೆ ಕೂತವರ ಬೆನ್ನಿಗೂ ಕರುಣೆ ತೋರಿಸುತ್ತದೆ.

ರಸ್ತೆ ರಿಪೇರಿಯ ಯಂತ್ರ ಅಡ್ಡ ನಿಂತು ಒಂದೂವರೆ ಗಂಟೆ ಹೋಯಿತು. ಛತ್ರೂಗೆ ಮುಂಚಿನ ಒಂದು ನಾಲೆ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಮೇಲಿನ ಹಿಮ ಕರಗಿದ ನೀರು ರಸ್ತೆಯ ಮೇಲೆ ಬೂದು ಬಣ್ಣದಲ್ಲಿ ಹರಿಯುತ್ತಿತ್ತು, ತಳ ಕಾಣುತ್ತಿರಲಿಲ್ಲ. ಎಡಕ್ಕೆ ಹತ್ತಾಳು ಕೆಳಗೆ ಚಂದ್ರಾ. ಹಿಂದಿರುಗೋಣ ಎಂದರೆ ಸಂಜೆಯವರೆಗೆ ನೀರು ಏರುವುದೇ. ಕಾಕಾರನ್ನು ಆ ಎತ್ತರದಲ್ಲಿ ರಾತ್ರಿ ಗಾಡಿಯಲ್ಲಿ ಕೂರಿಸುವುದು ನಮಗೆ ಬೇಡವಾಗಿತ್ತು. ಗೆಳೆಯನ ಮುಖ ಬಿಳುಚಿತ್ತು. ನನ್ನದೂ ಹಾಗೇ ಇದ್ದಿರಬೇಕು.

"ಅವಸರ ಬ್ಯಾಡ. ಬಸ್ ಬರ್ಲಿ," ಎಂದರು ಕಾಕಾ.

ಬಂತು, ಹಿಮಾಚಲ ಸಾರಿಗೆಯ ಬಸ್ಸು. ಚಾಲಕ ಒಂದು ಕ್ಷಣ ನಿಲ್ಲಿಸಿ ನೀರನ್ನು ನೋಡಿದ. ಬೆಟ್ಟದ ಬದಿಗೆ ಒತ್ತಿ, ಒಂದೇ ಗೇರಿನಲ್ಲಿ, ಎಲ್ಲೂ ವೇಗ ಹೆಚ್ಚಿಸದೆ ದಾಟಿದ. ಅವನ ಹಿಂದೆ ಬಟಾಣಿಯ ಪಿಕಪ್ಪೊಂದು ಅದೇ ಗೆರೆಯಲ್ಲಿ ಹೋಯಿತು. ನೀರು ಎಲ್ಲಿ ಉಬ್ಬಿತು, ಚಕ್ರ ಎಲ್ಲಿ ಇಳಿಯಿತು ಎಂದು ಕಾಕಾ ಬೆರಳು ಮಾಡಿ ತೋರಿಸಿದರು. ಆಮೇಲೆ ನಾವು ಇಳಿದೆವು. ನೀರು ಚಕ್ರದ ನಡುವಿಗಿಂತ ತುಸು ಮೇಲೆ. ನಡುವೆ ಎಲ್ಲೋ ಹಿಂದಿನಿಂದ ಠಣ್ಣೆಂದು ಸದ್ದು. ಗಾಡಿ ಒಮ್ಮೆ ತಡೆದಂತೆ ಆಗಿ, ಕೆರೆದುಕೊಂಡು, ಮುಂದೆ ಹೋಯಿತು. ಆಚೆ ದಡದಲ್ಲಿ ಯಾರೂ ಎರಡು ನಿಮಿಷ ಮಾತಾಡಲಿಲ್ಲ.

ಕಾಕಾ ಇಳಿದು, ಮೊಣಕಾಲು ಹಿಡಿದುಕೊಂಡು ಬಗ್ಗಿ, ಡಿಫರೆನ್ಷಿಯಲ್ಲಿನ ಅಡಿ ಕೈಯಾಡಿಸಿದರು. ಬೆರಳಿಗೆ ಹೊಸ ಗೀರು ಹತ್ತಿತು, ಎಣ್ಣೆ ಸೋರಿರಲಿಲ್ಲ. "ಬಟ್ಟಿನಷ್ಟು ಕಮ್ಮಿ ಇದ್ದಿದ್ರ ಕಲ್ಲಿನ ಮ್ಯಾಲೆ ಕೂತಬಿಡ್ತಿತ್ತು," ಎಂದರು. ಬಟಾಣಿಯ ಪಿಕಪ್ಪಿನವನು ಆ ಕಲ್ಲು ಎಲ್ಲಿದೆ ಎಂದು ಗೊತ್ತಿದ್ದು ಅದನ್ನು ಬಳಸಿ ಹೋಗಿದ್ದ. ನಮಗೆ ಗೊತ್ತಿರಲಿಲ್ಲ. ಅವನ ಆ ತಿಳಿವಳಿಕೆಗೆ ನಾವು ಕೊಟ್ಟ ಬದಲಿ ಬೆಲೆ ಹದಿನಾಲ್ಕು ಮಿಲಿಮೀಟರ್.

ಗ್ರಾಂಫುವಿನಿಂದ ಕೋಕ್ಸರ್‌ಗೆ ಇಳಿದು, ಡಾಂಬರು ಸಿಕ್ಕ ಕಡೆ ಸಣ್ಣ ಪಂಪಿನಿಂದ ಟೈರಿಗೆ ಮತ್ತೆ 32 ತುಂಬಿಸಿದೆವು. ಆಮೇಲೆ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ, ಮನಾಲಿ, ಬಿಸಿ ಅನ್ನ.

ಹೊರಡುವವರಿಗೆ

ಗಾಡಿ ಎತ್ತರಿಸುವ ಯೋಚನೆ ಇದ್ದರೆ ಮೊದಲು ಟೇಪು ಹಿಡಿಯಿರಿ. ನಾಲ್ಕೂ ಮೂಲೆ ಅಳೆದು, ಅದೇ ಮಾದರಿಯ ಹೊಸ ಗಾಡಿಗೆ ಹೋಲಿಸಿ. ಕುಸಿದಿದ್ದರೆ ಕುಸಿದದ್ದನ್ನು ಸರಿಮಾಡಿ. ಯಾರೋ ಸೇರಿಸಿದ ಕಬ್ಬಿಣ ಇದ್ದರೆ ತೆಗೆಯಿರಿ. ಟೈರು ಒಂದು ಮೆಟ್ಟಿಲು ಮಾತ್ರ ಏರಿಸಿ, ಐದನ್ನೂ ಬದಲಿಸಿ, ಸ್ಟಿಯರಿಂಗ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ಉಜ್ಜುತ್ತದೆಯೇ ನೋಡಿ. ಸ್ಪೀಡೋಮೀಟರಿನ ಲೆಕ್ಕವೂ ಬದಲಾಗುತ್ತದೆ. ನಮ್ಮದರಲ್ಲಿ ಮುಳ್ಳು 100 ಎಂದಾಗ ಮೊದಲು ಜಿಪಿಎಸ್ 95 ಹೇಳುತ್ತಿತ್ತು, ಈಗ 98 ದಾಟಿ ಹೇಳುತ್ತದೆ. ಓಡಿದ ದೂರವನ್ನೂ ಮೀಟರು ಮೊದಲಿಗಿಂತ ಕಡಿಮೆ ಎಣಿಸುವುದರಿಂದ, ಮೈಲೇಜು ಬಿತ್ತೆಂದು ಬೇಸರಪಡುವ ಮೊದಲು ಆ ನಾಲ್ಕು ಪರ್ಸೆಂಟ್ ಕೂಡಿಸಿಕೊಳ್ಳಿ.

ಈಗಲೂ ಪಾರ್ಕಿಂಗಿನಲ್ಲಿ ಅಕ್ಕಪಕ್ಕದ ಹುಡುಗರು ಎಷ್ಟು ಲಿಫ್ಟ್ ಮಾಡಿಸಿದ್ದೀರಿ ಎಂದು ಕೇಳುತ್ತಾರೆ. ಕಾಕಾ ಅವರಿಗೆ ಹೇಳುವುದು ಒಂದೇ: ಏರಿಸಿಲ್ಲ, ಭಾರ ಇಳಿಸಿದೆವು. ಡಿಸೆಂಬರ್‌ನಲ್ಲಿ ಅದೇ ಗಾಡಿಯಲ್ಲಿ ಹುಬ್ಬಳ್ಳಿಗೆ ಹೋಗುವ ಯೋಜನೆಯಿದೆ. ಹೊರಡುವ ಮೊದಲು ಡಿಫರೆನ್ಷಿಯಲ್ ಎಣ್ಣೆ ಬದಲಿಸಬೇಕೆಂದು ಅವರು ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ.